ಶಿವರಾತ್ರಿಗೆ ಮಣ್ಣು, ಯುಗಾದಿಗೆ ಮೊಳಕೆ: ಹಿತ್ತಲ ಕೈತೋಟಕ್ಕೆ ಈಗ ಏನು ಮಾಡಬೇಕು?

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸಿ ಎರಡು ವರ್ಷ ಆಯಿತು. ಹಿತ್ತಲಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಇದೆ. ಹೋದ ವರ್ಷ ಮಾರ್ಚ್‌ನಲ್ಲಿ ಕೊತ್ತಂಬರಿ, ಪಾಲಕ್, ಟೊಮ್ಯಾಟೊ ಹಾಕಿದ್ದೆ. ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ಹೂ ಬಿಟ್ಟಿತು. ಪಾಲಕ್ ಎಳೆ ಎಲೆಯಲ್ಲೇ ಹಳದಿ ತಿರುಗಿತು. ಟೊಮ್ಯಾಟೊ ಎಲೆ ಮುದುಡಿಕೊಂಡು ಒಂದು ಕಾಯಿಯೂ ಕೈಗೆ ಬರಲಿಲ್ಲ. ನಮ್ಮ ಅತ್ತೆಯವರು ಹಳ್ಳಿಯಲ್ಲಿ ತೋಟ ಮಾಡಿದವರು. "ಕೈಗುಣ ಇರಬೇಕು" ಅನ್ನುತ್ತಾರೆ. ಈ ಸಲ ಶಿವರಾತ್ರಿಗೆ ಮುಂಚೆಯೇ ಶುರು ಮಾಡೋಣ ಅಂತಿದ್ದೇನೆ. ಯಾವ ಬೀಜ ತರಲಿ?

ಉತ್ತರ: ಮೊದಲು ಕೈಗುಣದ ಚಿಂತೆ ಬಿಟ್ಟುಬಿಡಿ. ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ. ಕೊತ್ತಂಬರಿ, ಪಾಲಕ್ ತಂಪು ಬೇಡುವ ಸೊಪ್ಪು. ಅವನ್ನು ಬಿಸಿಲಿನ ಬಾಯಿಗೆ ಬಿತ್ತಿದ್ದು ಒಂದು ತಪ್ಪು. ಮನೆ ಕಟ್ಟಿದ ನೆಲವನ್ನು ಅಗೆದು ನೋಡದೆ ಬಿತ್ತಿದ್ದು ಇನ್ನೊಂದು. ಎರಡನೆಯದೇ ದೊಡ್ಡದು ಅನ್ನಿಸುತ್ತದೆ. ಅದಕ್ಕೇ ನೀವು ಬೀಜ ಕೇಳಿದ್ದರೂ ನಾನು ಮಣ್ಣಿನಿಂದ ಶುರು ಮಾಡುತ್ತೇನೆ.

ಶಿವರಾತ್ರಿಯಿಂದ ಯುಗಾದಿಗೆ ಒಂದು ತಿಂಗಳ ಮೇಲೆ ಒಂದೆರಡು ದಿನ ಸಿಗುತ್ತದೆ. ನಮ್ಮ ಬಯಲುಸೀಮೆಯ ಕೈತೋಟಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ರಾತ್ರಿ ಇನ್ನೂ ತಣ್ಣಗಿರುತ್ತದೆ, ಅಗೆಯುವವರಿಗೆ ಸುಸ್ತಾಗುವುದಿಲ್ಲ. ಹೊಂಗೆ ಮರ ಹಳೆ ಎಲೆ ಉದುರಿಸುತ್ತಿರುತ್ತದೆ, ಬೇಕಾದಷ್ಟು ತರಗೆಲೆ ಪುಕ್ಕಟೆ. ಕೆರೆಗಳಲ್ಲಿ ನೀರು ಇಳಿದು ಗೋಡು, ಅಂದರೆ ತಳದ ಹೂಳು ಮಣ್ಣು, ಹೊಡೆಯುವ ಕೆಲಸ ಶುರುವಾಗಿರುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ, ವರ್ಷದ ಮೊದಲ ಉಳುಮೆ ಅದು. ಕೈತೋಟಕ್ಕೆ ಮಾತ್ರ ಯುಗಾದಿವರೆಗೆ ಕಾಯಬೇಡಿ. ಮೊದಲ 15 ದಿನ ಮಣ್ಣಿಗೆ ಕೊಡಿ. ಆಮೇಲೆ ಒಂದು ವಾರ ನೀರು ಹಾಕಿ ಸುಮ್ನೆ ಬಿಡಿ. ಆಮೇಲೆ ಬಿತ್ತಿ. ಯುಗಾದಿ ಹೊತ್ತಿಗೆ ಸಸಿಗೆ ಎರಡು ನಾಲ್ಕು ಎಲೆ ಬಂದಿರುತ್ತದೆ.

ಇನ್ನೊಂದು ಮಾತು. 300 ಚದರ ಅಡಿ ಪೂರ್ತಿ ಈ ಬೇಸಿಗೆಗೆ ಕೈಗೆತ್ತಿಕೊಳ್ಳಬೇಡಿ. 10 ಅಡಿಗೆ 10 ಅಡಿ ಸಾಕು. ಇದಕ್ಕೆ ನೀರಿನ ಲೆಕ್ಕವೇ ಕಾರಣ. ಮಾರ್ಚ್ ಬಿಸಿಲಲ್ಲಿ ನೆಲ ಮತ್ತು ಗಿಡ ಸೇರಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಕಳೆದುಕೊಳ್ಳುತ್ತವೆ. 100 ಚದರ ಅಡಿಗೆ ಅದು ಹತ್ತಿರ ಹತ್ತಿರ 50 ಲೀಟರ್, ಅಂದರೆ ಮೂರೂವರೆ ಬಕೆಟ್. ಪೂರ್ತಿ ಜಾಗಕ್ಕೆ 150 ಲೀಟರ್ ಆಗುತ್ತದೆ. ಏಪ್ರಿಲ್‌ನಲ್ಲಿ ಬೋರ್‌ವೆಲ್ ಸೊರಗಿದಾಗ ಅಷ್ಟು ಎಲ್ಲಿಂದ ತರುತ್ತೀರಿ? ಉಳಿದ ಜಾಗಕ್ಕೆ ಬೇರೆ ಕೆಲಸ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಈಗ ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋಗಿ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ. ಮೇಲಿನ ನಾಲ್ಕು ಬೆರಳು ಕೆಂಪು ಮಣ್ಣು ಸಲೀಸಾಗಿ ಬರುತ್ತದೆ. ಅದರ ಕೆಳಗೆ ಹಾರೆ "ಠಣ್" ಅಂತ ಸದ್ದು ಮಾಡಿದರೆ ಆಶ್ಚರ್ಯ ಬೇಡ. ಹೊಸ ಮನೆಗಳ ಹಿತ್ತಲಲ್ಲಿ ಅಲ್ಲೇ ಇರುತ್ತದೆ ಕಥೆಯೆಲ್ಲ. ಸಿಮೆಂಟ್ ಹೆಂಟೆ, ಜಲ್ಲಿ, ಇಟ್ಟಿಗೆ ಚೂರು, ಟೈಲ್ಸ್ ತುಂಡು, ಗಾರೆ ಕಲಸಿದ ಜಾಗದ ಬಿಳಿ ಪುಡಿ. ಅದನ್ನು ಒಂದು ಹಿಡಿ ತೆಗೆದು ಮೇಲೆ ನಿಂಬೆಹಣ್ಣು ಹಿಂಡಿ. ಕಿವಿ ಹತ್ತಿರ ಹಿಡಿದು ಕೇಳಿ. ಸಣ್ಣಗೆ ಸುಂಯ್ ಅಂತ ನೊರೆ ಎದ್ದರೆ ಸುಣ್ಣದ ಅಂಶ ಇದೆ ಅಂತ ಅರ್ಥ. ಸುಣ್ಣ ಜಾಸ್ತಿ ಇದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ ಆಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನಿಮ್ಮ ಪಾಲಕ್ ಎಳೆ ಎಲೆಯಲ್ಲೇ ಹಳದಿಯಾಯಿತು ಅಂದಿರಲ್ಲ, ಹೀಗೇ ಆಗಿತ್ತಾ ನೆನಪು ಮಾಡಿಕೊಳ್ಳಿ. ಹಾಗಿದ್ದರೆ ಎಷ್ಟು ಗೊಬ್ಬರ ಸುರಿದರೂ ಆ ಹಳದಿ ಬೇಗ ಹೋಗುತ್ತಿರಲಿಲ್ಲ.

ಅದೇ ಗುಂಡಿಗೆ ನೀರು ತುಂಬಿ. ಇಂಗಿದ ಮೇಲೆ ಇನ್ನೊಂದು ಸಲ ತುಂಬಿ, ಗಡಿಯಾರ ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಚೆನ್ನ. ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನವೂ ನಿಂತಿದ್ದರೆ, ಮನೆ ಕಟ್ಟುವಾಗ ಲಾರಿ, ಮಿಕ್ಸರ್ ಓಡಾಡಿ ಕೆಳಗಿನ ಪದರ ಗಟ್ಟಿಯಾಗಿದೆ. ಪಿಕಾಸಿ ಹಾಕಿ ಒಡೆಯಲೇಬೇಕು.

ಅಗೆಯುವ ಹಿಂದಿನ ಸಂಜೆ ನೆಲಕ್ಕೆ ನೀರು ಬಿಡಿ. ಬೆಳಿಗ್ಗೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಬೆರಳಿಂದ ತಿವಿಯಿರಿ. ಉಂಡೆ ಪುಡಿಯಾದರೆ ಹದ ಬಂದಿದೆ. ಅಂಟಿಕೊಂಡರೆ ಇನ್ನೊಂದು ದಿನ ಬಿಡಿ. ಒದ್ದೆ ಮಣ್ಣನ್ನು ಅಗೆದರೆ ಹೆಂಟೆ ಒಣಗಿ ಇಟ್ಟಿಗೆ ಆಗುತ್ತದೆ. ಹದ ಸಿಕ್ಕ ಮೇಲೆ ಒಂದಡಿ ಆಳ ಅಗೆದು, ಕೈಗೆ ಸಿಕ್ಕ ಕಲ್ಲು ಗಾರೆಯನ್ನೆಲ್ಲ ಬಾಂಡ್ಲಿಗೆ ಹಾಕಿ ಹೊರಗೆ ಸಾಗಿಸಿ. ಬೇಜಾರಿನ ಕೆಲಸವೇ. ದಿನಾ ಸ್ವಲ್ಪ ಸ್ವಲ್ಪ ಆರಿಸಿ, ಹದಿನೈದು ದಿನ ಇದೆಯಲ್ಲ. ಗರಿಕೆ, ಜೇಕು ಸಿಕ್ಕರೆ ಕತ್ತರಿಸಿ ಬಿಡಬೇಡಿ. ಗರಿಕೆಯ ತುಂಡು ಬಳ್ಳಿಯೂ ಚಿಗುರುತ್ತದೆ. ಜೇಕಿನ ಗಡ್ಡೆ ಕಡಲೆಕಾಳಷ್ಟು ಉಳಿದರೂ ಮಳೆಗಾಲಕ್ಕೆ ಹಿತ್ತಲೆಲ್ಲ ಅದೇ. ಬೇರು ಸಮೇತ ಕಿತ್ತು, ಬಿಸಿಲಿಗೆ ಹರಡಿ ಒಣಗಿಸಿ.

ಸುಲಭ ದಾರಿ ಅಂತ ಟ್ರ್ಯಾಕ್ಟರ್ ಲೋಡು "ಕೆಂಪು ಮಣ್ಣು" ತರಿಸುವ ಆಸೆ ಆಗಬಹುದು. ನಾನು ಒಮ್ಮೆ ಹಾಗೆ ತರಿಸಿ ಒಂದು ವರ್ಷ ಕಳೆದುಕೊಂಡೆ. ಬಣ್ಣ ಕುಂಕುಮದ ಹಾಗೆ ಚೆಂದ ಇತ್ತು. ಬಂದದ್ದು ಯಾವುದೋ ಪಾಯ ತೋಡಿದಾಗ ಎಂಟು ಹತ್ತು ಅಡಿ ಕೆಳಗಿಂದ ತೆಗೆದ ಮಣ್ಣು. ಅದರಲ್ಲಿ ಜೀವವೇ ಇರಲಿಲ್ಲ. ನೀರು ಹಾಕಿದರೆ ಮೇಲೆ ಹಪ್ಪಳದಂತೆ ಗಟ್ಟಿ ಪದರ, ಬೆಂಡೆ ಬೀಜ ಮೊಳೆತರೂ ಮೇಲೆ ಬರಲಾರದೆ ಒಳಗೇ ಸೊಟ್ಟಗಾಗಿತ್ತು. ಮಣ್ಣು ತರಿಸಲೇಬೇಕು ಅಂದರೆ ಹೊಲದ ಮೇಲುಮಣ್ಣೇ ಅಂತ ಕಣ್ಣಾರೆ ನೋಡಿ ತರಿಸಿ. ಅದಕ್ಕಿಂತ ಕೆರೆ ಗೋಡು ಒಳ್ಳೆಯದು. ನಿಮ್ಮ ಸುತ್ತಲಿನ ರೈತರು ಈ ತಿಂಗಳುಗಳಲ್ಲಿ ಹೊಲಕ್ಕೆ ಗೋಡು ಹೊಡೆಯುತ್ತಾರೆ. ಅವರಿಂದ ಎಂಟು ಹತ್ತು ಬಾಂಡ್ಲಿ ಕೇಳಿ ತನ್ನಿ. ನಮ್ಮ ಮರಳು ಮರಳಾದ ಕೆಂಪು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಅದರಿಂದ ಬರುತ್ತದೆ. ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ತೆಳ್ಳಗೆ ಬೆರೆಸಿ. ಜಾಸ್ತಿ ಹಾಕಿದರೆ ಅಂಟಾಗುತ್ತದೆ.

ಅಗೆಯುತ್ತಿರುವಾಗಲೇ ಮಣ್ಣಿನ ಮಾದರಿಯನ್ನೂ ತೆಗೆಯಿರಿ. ಐದಾರು ಕಡೆ, ಅರ್ಧ ಅಡಿ ಆಳದವರೆಗಿನ ಮಣ್ಣನ್ನು ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ಅದರಲ್ಲಿ ಅರ್ಧ ಕೆಜಿ ನೆರಳಲ್ಲಿ ಒಣಗಿಸಿ ಚೀಲಕ್ಕೆ ತುಂಬಿ. ಇದನ್ನು ಗೊಬ್ಬರ ಹಾಕುವ ಮೊದಲೇ ತೆಗೆಯಬೇಕು. ನಿಮಗೆ ಹತ್ತಿರದಲ್ಲೇ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ್ದು. ಪರೀಕ್ಷೆ ಎಲ್ಲಿ, ಹೇಗೆ ಅಂತ ಅಲ್ಲಿ ವಿಚಾರಿಸಿ. ವರದಿಯಲ್ಲಿ ಮೊದಲು ನೋಡಬೇಕಾದದ್ದು ರಸಸಾರ, ಅಂದರೆ ಪಿಎಚ್. 6.5ರಿಂದ 7.5ರ ಒಳಗಿದ್ದರೆ ನೆಮ್ಮದಿ. 8 ದಾಟಿದ್ದರೆ ಕಟ್ಟಡದ ಸುಣ್ಣದ್ದೇ ಕೆಲಸ ಇರಬಹುದು. ಅಂಥ ನೆಲಕ್ಕೆ ಒಲೆ ಬೂದಿ ಹಾಕಬೇಡಿ. "ಮಣ್ಣಿಗೆ ಸುಣ್ಣ ಹಾಕಿ" ಅಂತ ಯಾರೋ ಹೇಳಿದರೂ ಹಾಕಬೇಡಿ. ಆ ಮಾತು ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸರಿ, ನಿಮ್ಮ ಹಿತ್ತಲಿಗೆ ಅಲ್ಲ.

ಗೊಬ್ಬರಕ್ಕೆ ಬರೋಣ. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಸಾಮಾನ್ಯವಾಗಿ ಶಿಫಾರಸು ಮಾಡುತ್ತಾರೆ. 100 ಚದರ ಅಡಿಗೆ ಲೆಕ್ಕ ಹಾಕಿದರೆ 23 ಕೆಜಿ ಆಗುತ್ತದೆ. ನಿಮ್ಮದು ಕೆಟ್ಟ ನೆಲ, ಮೊದಲ ವರ್ಷ ಅದರ ಎರಡರಷ್ಟು ಹಾಕಿ. ಸಿಮೆಂಟ್ ಚೀಲದಲ್ಲಿ ತುಂಬಿದರೆ ಎರಡು ಚೀಲ. ಅದರ ಜೊತೆ 1 ಕೆಜಿ ಬೇವಿನ ಹಿಂಡಿ. ಆದರೆ ಗೊಬ್ಬರ ಪೂರ್ತಿ ಕಳಿತಿರಬೇಕು, ಇದರಲ್ಲಿ ರಾಜಿ ಬೇಡ. ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಬಿಸಿ ತಾಗಿದರೆ ಇನ್ನೂ ಕಳಿಯುತ್ತಿದೆ. ಮೂಸಿ ನೋಡಿ. ಸಗಣಿ ವಾಸನೆ ಹೋಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಹುಲ್ಲು ಇನ್ನೂ ಹುಲ್ಲಾಗಿಯೇ ಕಾಣಬಾರದು. ಅರೆಕಳಿತ ಗೊಬ್ಬರದ ಜೊತೆ ಗೊಣ್ಣೆ ಹುಳ ಬರುತ್ತದೆ. ದಪ್ಪಗೆ, ಬೆಳ್ಳಗೆ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಚೆನ್ನಾಗಿದ್ದ ಬದನೆ ಗಿಡ ಒಂದು ಬೆಳಿಗ್ಗೆ ಬಾಡಿ ನಿಂತಿದ್ದರೆ, ಕಿತ್ತು ನೋಡಿದರೆ ಬೇರೇ ಇರುವುದಿಲ್ಲ. ಗೊಬ್ಬರವನ್ನು ಒಂದು ಮಧ್ಯಾಹ್ನ ಗೋಣಿ ಮೇಲೆ ತೆಳ್ಳಗೆ ಹರಡಿದರೆ ಹುಳ ಕಾಣುತ್ತವೆ. ನೀವು ಅತ್ತ ಹೋದರೆ ಗೊರವಂಕಗಳು ಬಂದು ಆರಿಸಿಕೊಂಡು ಹೋಗುತ್ತವೆ.

ಮಡಿ ಮಾಡುವುದರಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಈಗ ಎಲ್ಲರೂ ನೆಲಕ್ಕಿಂತ ಎತ್ತರದ ಮಡಿ ಮಾಡುತ್ತಾರೆ, ಸುತ್ತ ಹಲಗೆ ಅಥವಾ ಇಟ್ಟಿಗೆ ಇಟ್ಟು. ವಿಡಿಯೊಗಳಲ್ಲಿ ಹಾಗೇ ತೋರಿಸುತ್ತಾರೆ. ಅದು ಚಳಿ ದೇಶಗಳಿಗೆ ಸರಿ. ಅಲ್ಲಿ ಹಿಮ ಕರಗಿ ನೆಲ ಒದ್ದೆಯಾಗಿ ತಣ್ಣಗಿರುತ್ತದೆ, ಬೇಗ ಒಣಗಿ ಬೆಚ್ಚಗಾಗಲಿ ಅಂತ ಎತ್ತರಿಸುತ್ತಾರೆ. ನಮ್ಮಲ್ಲಿ ಮಾರ್ಚ್‌ನಲ್ಲಿ ಬೇಕಿರುವುದು ಅದಕ್ಕೆ ಉಲ್ಟಾ. ಎತ್ತರದ ಮಡಿ ಇಲ್ಲಿ ಬದಿಗಳಿಂದಲೂ ಒಣಗಿಬಿಡುತ್ತದೆ. ನಮ್ಮ ಹಿರಿಯರು ಬೇಸಿಗೆಗೆ ಪಾತಿ ಕಟ್ಟುತ್ತಿದ್ದರು. ನೆಲಕ್ಕಿಂತ ನಾಲ್ಕು ಬೆರಳು ತಗ್ಗು, ಸುತ್ತ ಸಣ್ಣ ಬದು. ಹಾಕಿದ ನೀರು ಒಂದು ಹನಿಯೂ ಆಚೆ ಹೋಗುವುದಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿ, ಅವರಿಗೆ ಇದು ಕೈಯಲ್ಲೇ ಇರುತ್ತದೆ. ಅಗಲ ಮೂರು ಅಡಿ ಇರಲಿ, ಎರಡೂ ಕಡೆಯಿಂದ ಕೈ ಎಟುಕಬೇಕು. ಒಳಗೆ ಕಾಲಿಡಬಾರದು. ಆ ಎತ್ತರದ ಏರು ಮಡಿಯನ್ನು ಮಳೆಗಾಲಕ್ಕೆ, ಜೂನ್‌ಗೆ ಮಾಡಿದರಾಯಿತು.

ನಿಮ್ಮದು ತೆಂಗಿನ ಸೀಮೆ. ಅದು ದೊಡ್ಡ ಭಾಗ್ಯ. ಪಾತಿಯ ತಳದಲ್ಲಿ, ಮುಕ್ಕಾಲು ಅಡಿ ಕೆಳಗೆ, ತೆಂಗಿನಕಾಯಿ ಸುಲಿದ ಮಟ್ಟೆಗಳನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಒಂದು ಸಾಲು ಜೋಡಿಸಿ, ಮೇಲೆ ಗೊಬ್ಬರ ಬೆರೆಸಿದ ಮಣ್ಣು ಮುಚ್ಚಿ. ನಾರು ನೀರು ಕುಡಿದು ಇಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಒಣಗಿದ ಗರಿಯನ್ನೂ ಎಸೆಯಬೇಡಿ, ನೆರಳಿಗೆ ಬೇಕು.

ಪಾತಿ ಸಿದ್ಧವಾದ ಮೇಲೆ ನೀರು ಹಾಕಿ ಒಂದು ವಾರ ಬಿಡಿ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಮಣ್ಣಲ್ಲಿದ್ದ ಕಳೆ ಬೀಜ ಮೊದಲು ಮೊಳೆಯುತ್ತದೆ. ಕುರ್ಪಿಯಿಂದ ಮೇಲೆ ಮೇಲೆ ಕೆರೆದು ತೆಗೆದುಬಿಡಿ. ಆಳಕ್ಕೆ ಕೆದಕಿದರೆ ಹೊಸ ಕಳೆ ಬೀಜ ಮೇಲೆ ಬರುತ್ತದೆ. ಹೀಗೆ ಒಂದು ಸಲ ಮಾಡಿದರೆ ಮುಂದೆ ಕಳೆ ಕೀಳುವ ಕೆಲಸ ಅರ್ಧ ಕಡಿಮೆ.

ಈಗ ಬೀಜ. ಬೆಂಡೆ ಖಂಡಿತ ಹಾಕಿ. ಹಿಂದಿನ ರಾತ್ರಿ ನೆನೆಸಿ, ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಊರಿ. 45-50 ದಿನಕ್ಕೆ ಕಾಯಿ ಶುರು. ಬೇಸಿಗೆಯಲ್ಲಿ ಬಿಳಿ ನೊಣ ಜಾಸ್ತಿ, ಅದು ಬೆಂಡೆಗೆ ಹಳದಿ ನರ ರೋಗ ತರುತ್ತದೆ. ಹೆಸರಘಟ್ಟದ ಅರ್ಕಾ ಅನಾಮಿಕ ಈ ರೋಗ ತಡೆಯಲಿ ಅಂತಲೇ ಬೆಳೆಸಿದ ತಳಿ. ಆದರೂ ಎಲೆ ನರ ಹಳದಿ ಬಲೆಯಂತೆ ಕಂಡ ಗಿಡವನ್ನು ಅವತ್ತೇ ಕಿತ್ತು ಹಾಕಿ, ಕರುಣೆ ತೋರಿಸಬೇಡಿ. ಪಾಲಕ್ ಬದಲು ದಂಟು, ಹರಿವೆ ಹಾಕಿ. ಅವು ಬಿಸಿಲಿಗೆ ಹುಟ್ಟಿದ ಸೊಪ್ಪುಗಳು. 25-30 ದಿನಕ್ಕೆ ಸಾರಿಗೆ ಸೊಪ್ಪು ಸಿಗುತ್ತದೆ. ಅರ್ಕಾ ಸುಗುಣ ಸಿಕ್ಕರೆ ಕೊಯ್ದಷ್ಟೂ ಚಿಗುರುತ್ತದೆ. ಬೀಜ ಸಾಸಿವೆಗಿಂತ ಸಣ್ಣದು, ಮರಳಲ್ಲಿ ಬೆರೆಸಿ ಉದುರಿಸಿ. ಇರುವೆ ಹೊತ್ತೊಯ್ಯುತ್ತದೆ ಅಂತ ನಮ್ಮ ಮನೆಯಲ್ಲಿ ಪಾತಿಯ ಸುತ್ತ ರಾಗಿ ಹಿಟ್ಟು ಉದುರಿಸುತ್ತಿದ್ದರು. ಇರುವೆ ಹಿಟ್ಟು ಸಾಗಿಸುವುದರಲ್ಲೇ ಇರುತ್ತದೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಅಲಸಂದೆ, ಗೋರಿಕಾಯಿ ಕೂಡ ಈ ಬಿಸಿಲಿಗೆ ಹೆದರುವುದಿಲ್ಲ.

ಹೀರೆ, ಸೋರೆ, ಹಾಗಲದಲ್ಲಿ ಯಾವುದಾದರೂ ಎರಡು ಬಳ್ಳಿ ಸಾಕು. ಅವನ್ನು ಪಶ್ಚಿಮದ ಅಂಚಿನಲ್ಲಿ ಹಾಕಿ, ಚಪ್ಪರವನ್ನು ಗೋಡೆಯಂತೆ ನಿಲ್ಲಿಸಿ ಹಬ್ಬಿಸಿ. ಮಧ್ಯಾಹ್ನ ಮೂರರ ಬಿಸಿಲಿಗೆ ಅದೇ ನಿಮ್ಮ ಸೊಪ್ಪಿನ ಪಾತಿಗೆ ಪರದೆ. ಬಳ್ಳಿ ಮೇಲೇರುವವರೆಗೆ ತೆಂಗಿನ ಗರಿ ಒರಗಿಸಿಡಿ. ಬಳ್ಳಿಯ ಗುಂಡಿ ಒಂದೂವರೆ ಅಡಿ ಆಳ ಇರಲಿ, ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂಳಿ. ಬಣ್ಣ ಬಳಿದದ್ದು ಬೇಡ, ನೀರು ಜಿನುಗುವ ಸಾದಾ ಮಡಕೆ. ಎರಡು ಮೂರು ದಿನಕ್ಕೊಮ್ಮೆ ತುಂಬಿ, ಸೊಳ್ಳೆ ಬರದಂತೆ ಮುಚ್ಚಳ ಮುಚ್ಚಿ. ಬೇರು ತಾನೇ ಮಡಕೆಯನ್ನು ಹುಡುಕಿಕೊಂಡು ಬಂದು ಅಪ್ಪಿಕೊಳ್ಳುತ್ತದೆ. ಬೀಜಕ್ಕೆ ಮೊದಲು ಅತ್ತೆಯವರನ್ನೇ ಕೇಳಿ. ಹಳ್ಳಿಯಲ್ಲಿ ಯಾರದೋ ಮನೆಯ ತೊಲೆಗೆ ಒಣಗಿದ ಹೀರೆ, ಸೋರೆ ತೂಗುತ್ತಿರಬಹುದು. ಆ ನೆಲಕ್ಕೆ ಒಗ್ಗಿದ ಬೀಜ ಅದು.

ಬಳ್ಳಿಯಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು. ಉದುರಿದರೆ ಗಾಬರಿ ಬೇಡ. ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವುದು ಹೆಣ್ಣು ಹೂವು. ಹೀರೆ, ಸೋರೆ ಹೂವು ಸಂಜೆ ಅರಳುತ್ತದೆ. ಬೆಳಿಗ್ಗೆ ಹೋಗಿ ನೋಡಿ ದುಂಬಿ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ಬಹಳ ಜನ. ಕಾಯಿ ಕಚ್ಚದಿದ್ದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ.

ಟೊಮ್ಯಾಟೊ ಈಗ ಬೇಡ. ನಿಮಗೆ ಬೇಸರ ಆಗಬಹುದು, ಆದರೂ ಬೇಡ. ಎಲೆ ಮುದುಡಿದ್ದು ಎಲೆ ಮುರುಟು ರೋಗ, ಅದನ್ನೂ ಬಿಳಿ ನೊಣವೇ ತರುತ್ತದೆ. ಅದರ ಮೇಲೆ ಏಪ್ರಿಲ್ ಸೆಕೆಗೆ ಹೂವೂ ಉದುರುತ್ತದೆ. ಮೇ ಕೊನೆಗೆ ಬೀಜವನ್ನು ಸಸಿ ಮಡಿಗೆ ಹಾಕಿ. ಅರ್ಕಾ ರಕ್ಷಕ್ ಈ ರೋಗವನ್ನು ತಡೆದುಕೊಳ್ಳುವ ಹೈಬ್ರಿಡ್. ಬದನೆ, ಮೆಣಸಿನಕಾಯಿ ಬೇಕಿದ್ದರೆ ಈಗಲೇ ಒಂದು ಟ್ರೇಯಲ್ಲಿ ಸಸಿ ಮಾಡಿಕೊಳ್ಳಿ. ಅವರೆಯನ್ನು ಮಾತ್ರ ಅತ್ತೆಯವರು ಹೇಳಿದರೂ ಈಗ ಹಾಕಬೇಡಿ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವುದು. ಈಗ ಹಾಕಿದರೆ ಬರೀ ಬಳ್ಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಸಿಕ್ಕರೆ ಹಾಕಬಹುದು, ಅದಕ್ಕೆ ಕಾಲದ ಹಂಗಿಲ್ಲ.

ಸಸಿ ಗೇಣುದ್ದ ಆದ ತಕ್ಷಣ ಮುಚ್ಚಿಗೆ ಹಾಕಿ, ಅಂದರೆ ನೆಲಕ್ಕೆ ತರಗೆಲೆ ಹೊದಿಸಿ. ಬೀದಿಯಲ್ಲಿ ಹೊಂಗೆ ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಚೀಲ ಹಿಡಿದುಕೊಂಡು ಹೋಗಿ ತುಂಬಿಕೊಂಡು ಬನ್ನಿ. ಎರಡು ಮೂರು ಅಂಗುಲ ದಪ್ಪ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಕೆಂಪು ಮಣ್ಣಲ್ಲಿ ಗೆದ್ದಲು ಬರಬಹುದು. ಎಲೆ ಒಣಗಿ ಗರಿಗರಿ ಆಗದಂತೆ ತೇವ ಇಟ್ಟರೆ, ಕೆಳಗೆ ಬೇವಿನ ಹಿಂಡಿಯೂ ಇದ್ದರೆ ತೊಂದರೆ ಕಡಿಮೆ. ಮುಚ್ಚಿಗೆ ಇದ್ದರೆ ದಿನಾ ನೀರು ಚಿಮುಕಿಸುವ ಕೆಲಸ ಇಲ್ಲ. ದಿನ ಬಿಟ್ಟು ದಿನ, ಸಂಜೆ, ನಿಧಾನಕ್ಕೆ, ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ಬೆರಳು ಎರಡು ಗೆಣ್ಣು ಒಳಗೆ ಚುಚ್ಚಿ ನೋಡಿ, ತಂಪಿದ್ದರೆ ಅವತ್ತು ಬೇಡ. ಅಕ್ಕಿ, ತರಕಾರಿ ತೊಳೆದ ನೀರೆಲ್ಲ ಪಾತಿಗೇ ಹೋಗಲಿ. ಸೋಪಿನ ನೀರು ಬೇಡ.

ಇನ್ನು ಉಳಿದ 200 ಚದರ ಅಡಿ. ಅದನ್ನು ಈಗ ಒರಟಾಗಿ ಅಗೆದು, ದೊಡ್ಡ ಕಲ್ಲು ಆರಿಸಿ, ಬಿಸಿಲಿಗೆ ಬಿಡಿ. ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ ಅನ್ನುತ್ತಾರಲ್ಲ. ಮೊದಲ ಹದ ಮಳೆ ಬಿದ್ದ ಮಾರನೇ ದಿನ ಅಲ್ಲಿ ಹುರುಳಿ ಅಥವಾ ಅಪ್ಸೆಣಬಿನ ಬೀಜ ಒತ್ತೊತ್ತಾಗಿ ಚೆಲ್ಲಿ, ಕಾಳಿಗಲ್ಲ, ಮಣ್ಣಿಗೆ ಹಸಿರು ಗೊಬ್ಬರ ಆಗಲಿ ಅಂತ. ಗೊಬ್ಬರ ಬೇಕಿಲ್ಲ, ಮಳೆ ನೀರೇ ಸಾಕು. ಹೂ ಕಾಣಿಸಿದ ಕೂಡಲೇ, ಸುಮಾರು 45 ದಿನಕ್ಕೆ, ಕುಡ್ಲಿನಿಂದ ಕೊಯ್ದು ಅಲ್ಲೇ ಮಣ್ಣಿಗೆ ಬೆರೆಸಿ. ಹೂ ನೋಡಲು ಚೆಂದ ಅಂತ ಬಿಟ್ಟರೆ ಅಪ್ಸೆಣಬಿನ ದಂಟು ನಾರಾಗಿ ಬೇಗ ಕೊಳೆಯುವುದಿಲ್ಲ. ಎರಡು ವಾರ ಕೊಳೆಯಲು ಬಿಡಿ. ಅಷ್ಟು ಹೊತ್ತಿಗೆ ನಿಮ್ಮ ಟೊಮ್ಯಾಟೊ ಸಸಿ ಗೇಣುದ್ದ ಆಗಿರುತ್ತದೆ. ಅವನ್ನು ಅಲ್ಲಿ ನೆಡಿ, ಈ ಸಲ ಏರು ಮಡಿ ಮಾಡಿ.